ಮಾವಕಾಮ್ಟೆನ್: ಗುಣ ಕಂಡ ಮೇಲೂ ಎಕೋ ಏಕೆ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ನನ್ನ ಪತಿಗೆ 54 ವರ್ಷ. ಹೃದಯದ ಸ್ನಾಯು ದಪ್ಪವಾಗಿ ರಕ್ತದ ಹಾದಿಗೆ ಅಡ್ಡಬರುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅವರಿಗಿದ್ದು, ಎರಡು ವರ್ಷಗಳಿಂದ ದಿನವೂ ಮಾವಕಾಮ್ಟೆನ್ 5 ಮಿ.ಗ್ರಾಂ. ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾರೆ. ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ಈಗಿಲ್ಲ. ಮೊದಲು ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸದಿದ್ದರೆ ಔಷಧವನ್ನೇ ಕೊಡುತ್ತಿರಲಿಲ್ಲ. ಈಗ ಆರು ತಿಂಗಳಿಗೊಮ್ಮೆ ಸಾಕು ಎನ್ನುತ್ತಿದ್ದಾರೆ. ಇಷ್ಟು ಕಾವಲು ಬೇಕಾದ ಔಷಧ ದೀರ್ಘಕಾಲಕ್ಕೆ ಸುರಕ್ಷಿತವೇ? ಚಳಿಗಾಲದಲ್ಲಿ ಎರಡು ತಿಂಗಳು ಹಾಸನಕ್ಕೆ ಬರುವವರಿದ್ದೇವೆ. ಅಲ್ಲಿ ಏನು ಎಚ್ಚರ ವಹಿಸಬೇಕು?

ಉತ್ತರ: ಈ ಔಷಧದ ಗುಣವೂ ಅಪಾಯವೂ ಒಂದೇ ಕ್ರಿಯೆಯಿಂದ ಹುಟ್ಟುತ್ತವೆ, ಕಾವಲಿನ ಕಾರಣವೆಲ್ಲ ಅಲ್ಲೇ ಇದೆ. ನಿಮ್ಮ ಪತಿಯ ಕಾಯಿಲೆಯಲ್ಲಿ ಹೃದಯದ ಸ್ನಾಯು ಬೇಕಾದುದಕ್ಕಿಂತ ಬಿಗಿಯಾಗಿ ಸಂಕುಚಿಸುತ್ತದೆ. ಆ ಸಂಕೋಚನವನ್ನು ನಡೆಸುವ ಮಯೋಸಿನ್ ಎಂಬ ಪ್ರೋಟೀನಿನ ಕೆಲಸವನ್ನು ಮಾವಕಾಮ್ಟೆನ್ ತಗ್ಗಿಸುತ್ತದೆ, ಅದರಿಂದ ರಕ್ತದ ಹಾದಿಯ ಅಡ್ಡಿ ಕಡಿಮೆಯಾಗುತ್ತದೆ. ಆದರೆ ಅದೇ ಕ್ರಿಯೆ ಮಿತಿ ಮೀರಿದರೆ ಹೃದಯ ದುರ್ಬಲವಾಗಿ ಹೃದಯ ವೈಫಲ್ಯ ಉಂಟಾಗಬಹುದು. ಎಕೋ ವರದಿಯಲ್ಲಿ ಇಎಫ್ ಎಂದು ಬರೆದಿರುತ್ತಾರಲ್ಲ, ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು, ಅದು ಶೇ 55ಕ್ಕಿಂತ ಕಡಿಮೆಯಿದ್ದರೆ ಔಷಧವನ್ನು ಆರಂಭಿಸುವುದಿಲ್ಲ. ಶೇ 50ಕ್ಕಿಂತ ಕೆಳಗಿಳಿದರೆ ತಡೆಹಿಡಿಯುತ್ತಾರೆ. ರಕ್ತದೊತ್ತಡದ ಮಾತ್ರೆಗೆ ಬಿ.ಪಿ. ಅಳತೆ ಹೇಗೋ ಈ ಕ್ಯಾಪ್ಸೂಲಿಗೆ ಎಕೋ ಹಾಗೆ: ಡೋಸ್ ನಿರ್ಧಾರವಾಗುವುದೇ ಅದರಿಂದ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಏಪ್ರಿಲ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಾಗ ಮುಖ್ಯ ಆಧಾರವಾಗಿದ್ದ ಎಕ್ಸ್‌ಪ್ಲೋರರ್ ಅಧ್ಯಯನದಲ್ಲಿ ಇದ್ದವರು 251 ಮಂದಿ, ಅವರಲ್ಲಿ ಔಷಧ ಪಡೆದವರು 123, ಅವಧಿ 30 ವಾರ. ಔಷಧ ಪಡೆದವರಲ್ಲಿ ಏಳು ಮಂದಿಗೆ ಇಎಫ್ ಶೇ 50ಕ್ಕಿಂತ ಕೆಳಗಿಳಿಯಿತು, ಔಷಧ ತಡೆಹಿಡಿದಾಗ ಚೇತರಿಸಿತು. ಇಷ್ಟು ಚಿಕ್ಕ ಗುಂಪಿನಲ್ಲಿ, ಇಷ್ಟು ಕಡಿಮೆ ಅವಧಿಯಲ್ಲಿ ಸಾವಿರಕ್ಕೊಬ್ಬರಿಗೆ ಆಗುವಂಥ ತೊಂದರೆ ಕಣ್ಣಿಗೇ ಬೀಳದಿರುವ ಸಾಧ್ಯತೆಯೇ ಹೆಚ್ಚು. ವಿರಳ ಕಾಯಿಲೆಗಳ ಔಷಧಗಳಿಗೆಲ್ಲ ಇರುವ ಮಿತಿ ಇದು. ರೋಗಿಗಳೇ ಕಡಿಮೆ ಇರುವಾಗ ದೊಡ್ಡ ಪರೀಕ್ಷೆ ಎಲ್ಲಿಂದ ಬರಬೇಕು? ಆದ್ದರಿಂದಲೇ ಔಷಧ ಬರೆಯುವ ವೈದ್ಯರು, ವಿತರಿಸುವ ಔಷಧಾಲಯ ಮತ್ತು ರೋಗಿ ಮೂವರೂ ನೋಂದಾಯಿಸಿಕೊಂಡಿರಬೇಕು, ಎಕೋ ಆಗದೆ ಔಷಧ ಕೈಸೇರಬಾರದು ಎಂಬ ನಿಯಮ ಬಂತು. ರೆಮ್ಸ್ ಎಂದು ಕರೆಯುವ ಈ ವ್ಯವಸ್ಥೆ ನಿಮಗೆ ಕಿರಿಕಿರಿ ತಂದಿದ್ದರೂ ಲಾಭ ತಂದದ್ದೂ ಅದೇ. ಪ್ರತಿಯೊಬ್ಬ ರೋಗಿಯ ಲೆಕ್ಕ ಒಂದೆಡೆ ಸೇರಿದ್ದರಿಂದ, ಸುಮಾರು ಎರಡು ವರ್ಷಗಳಲ್ಲಿ ಔಷಧ ಪಡೆದ ಐದೂವರೆ ಸಾವಿರಕ್ಕೂ ಹೆಚ್ಚು ಜನರಲ್ಲಿ ಇಎಫ್ ಶೇ 50ಕ್ಕಿಂತ ಕುಸಿದವರು ಶೇ 4.6, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು ಶೇ 1.3 ಎಂದು ತಿಳಿದುಬಂತು. ವೈದ್ಯರು ತೋಚಿದಾಗ ಬರೆದು ಕಳಿಸುವ ಅಡ್ಡಪರಿಣಾಮದ ವರದಿಗಳಿಂದ ಇಂಥ ಲೆಕ್ಕ ಸಿಗುವುದಿಲ್ಲ; ಅವುಗಳಲ್ಲಿ ತೊಂದರೆಯಾದವರು ಕಾಣುತ್ತಾರೆಯೇ ಹೊರತು ತೊಂದರೆಯಿಲ್ಲದೆ ಔಷಧ ಸೇವಿಸುತ್ತಿರುವವರು ಎಷ್ಟು ಮಂದಿ ಎಂಬುದು ಕಾಣುವುದಿಲ್ಲ.

ಎಕ್ಸ್‌ಪ್ಲೋರರ್‌ನಲ್ಲಿ ಪಾಲ್ಗೊಂಡವರಲ್ಲಿ 231 ಮಂದಿಯನ್ನು ಮುಂದೆಯೂ ಗಮನಿಸಿದ ಅಧ್ಯಯನ ಸುಮಾರು ಮೂರೂವರೆ ವರ್ಷಗಳ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿತು. ಅಡ್ಡಿ ತಗ್ಗಿದ್ದು ಹಾಗೇ ಉಳಿದಿತ್ತು. ನೂರಕ್ಕೆ ಸುಮಾರು ಒಂಬತ್ತು ಮಂದಿಯಲ್ಲಿ ಯಾವುದೋ ಹಂತದಲ್ಲಿ ಇಎಫ್ ತಾತ್ಕಾಲಿಕವಾಗಿ ಕುಸಿದು ಔಷಧ ತಡೆಹಿಡಿಯಬೇಕಾಯಿತು. ಇಂಥ ಮಾಹಿತಿ ಕೂಡಿಬಂದ ಮೇಲೆ 2025ರ ಏಪ್ರಿಲ್‌ನಲ್ಲಿ ಎಫ್‌ಡಿಎ ನಿಯಮ ಸಡಿಲಿಸಿತು. ಡೋಸ್ ನೆಲೆಗೊಂಡು, ಇಎಫ್ ಶೇ 55 ಅಥವಾ ಹೆಚ್ಚಿದ್ದು, ಅಡ್ಡಿಯ ಒತ್ತಡ, ಎಂದರೆ ಅಡ್ಡಿಯ ಹಿಂದು ಮುಂದಿನ ರಕ್ತದೊತ್ತಡದ ವ್ಯತ್ಯಾಸ, 30 ಮಿ.ಮೀ. ಪಾದರಸಕ್ಕಿಂತ ಕೆಳಗಿರುವವರಿಗೆ ಆರು ತಿಂಗಳಿಗೊಮ್ಮೆ ಎಕೋ ಸಾಕು. ಸಡಿಲಿಕೆ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ಎರಡು ಎಕೋಗಳ ನಡುವಿನ ಕಾವಲು ಈಗ ಹೆಚ್ಚಾಗಿ ಮನೆಯವರ ಮೇಲೆ ಬಿದ್ದಿದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ಹದಿನೈದು ವರ್ಷ ಸೇವಿಸಿದವರು ಇನ್ನೂ ಯಾರೂ ಇಲ್ಲ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ, ಕಾವಲು ಇರುವವರೆಗೆ ಈವರೆಗಿನ ಮಾಹಿತಿ ಧೈರ್ಯ ಕೊಡುವಂತಿದೆ ಎಂದಷ್ಟೇ ಹೇಳಬಲ್ಲೆ.

ಹಾಸನದಲ್ಲಿ ನಾನು ಹೆಚ್ಚು ಅಂಜುವುದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆಗಳಿಗೆ. ಮಾವಕಾಮ್ಟೆನನ್ನು ಕರಗಿಸಿ ಹೊರಹಾಕುವುದು ಮುಖ್ಯವಾಗಿ ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ. ಸಾಮಾನ್ಯರಲ್ಲಿ ದೇಹದಲ್ಲಿರುವ ಔಷಧ ಅರ್ಧಕ್ಕಿಳಿಯಲು ಆರರಿಂದ ಒಂಬತ್ತು ದಿನ ಬೇಕು. ಈ ಕಿಣ್ವ ಹುಟ್ಟಿನಿಂದಲೇ ಮಂದವಾಗಿರುವವರಲ್ಲಿ ಸುಮಾರು 23 ದಿನ. ಇಂಥವರು ಯುರೋಪ್ ಮೂಲದವರಿಗಿಂತ ದಕ್ಷಿಣ ಏಷ್ಯಾ ಮೂಲದವರಲ್ಲಿ ಹೆಚ್ಚು. ಯುರೋಪಿನಲ್ಲಿ ಔಷಧ ಆರಂಭಿಸುವ ಮೊದಲೇ ಇದರ ಜೀನ್ ಪರೀಕ್ಷೆ ಮಾಡಿಸುತ್ತಾರೆ, ಅಮೆರಿಕದಲ್ಲಿ ಕಡ್ಡಾಯವಿಲ್ಲ. ನಿಮ್ಮ ಪತಿಗೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಎರಡು ವರ್ಷ ಸ್ಥಿರವಾಗಿರುವುದರಿಂದ ಡೋಸ್ ಬದಲಾಗಲಿಕ್ಕಿಲ್ಲ, ಆದರೆ ಔಷಧ ನಿಲ್ಲಿಸಬೇಕಾಗಿ ಬಂದರೆ ಅದರ ಪ್ರಭಾವ ಎಷ್ಟು ದಿನ ಉಳಿದೀತು ಎಂಬ ಅಂದಾಜು ಸಿಗುತ್ತದೆ.

ಮದುವೆ ಮನೆ ಊಟದ ಮರುದಿನ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ಒಮೆಪ್ರಜೋಲ್ ಆಗಿದ್ದರೆ ಅದು ಇದೇ ಕಿಣ್ವವನ್ನು ತಡೆಯುತ್ತದೆ. ಅದನ್ನು ದಿನವೂ ಕೊಡಲೇಬೇಕಾದರೆ ಮಾವಕಾಮ್ಟೆನ್ ಡೋಸನ್ನು ಒಂದು ಹಂತ ಇಳಿಸಿ ನಾಲ್ಕು ವಾರಗಳ ಬಳಿಕ ಎಕೋ ಮಾಡಿಸುವ ಕ್ರಮವಿದೆ. ಪ್ಯಾಂಟೊಪ್ರಜೋಲ್ ಈ ಕಿಣ್ವವನ್ನು ತಡೆಯುವುದು ಬಹಳ ಕಡಿಮೆ. ಆದರೂ ಹೃದ್ರೋಗ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಕೂಡದು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸಹ ಕೂಡದು. ಯಾವ ವೈದ್ಯರ ಬಳಿ ಹೋದರೂ ಕ್ಯಾಪ್ಸೂಲಿನ ಡಬ್ಬಿಯನ್ನೇ ತೋರಿಸಿ, ಏಕೆಂದರೆ ಈ ಹೆಸರನ್ನು ಕೇಳಿರದವರು ಇರಬಹುದು.

ಏದುಸಿರು ಮರಳಿದರೆ, ಕಾಲು ಊದಿದರೆ, ಕೆಲವೇ ದಿನಗಳಲ್ಲಿ ತೂಕ ಏರಿದರೆ, ಎದೆ ಬಡಿತ ಲಯ ತಪ್ಪಿದರೆ ಅಥವಾ ನ್ಯುಮೋನಿಯಾದಂಥ ಗಂಭೀರ ಸೋಂಕು ತಗಲಿದರೆ ಆರು ತಿಂಗಳ ಗಡುವಿಗೆ ಕಾಯದೆ ಅಂದೇ ಎಕೋ ಮಾಡಿಸಿ, ವರದಿಯನ್ನು ನ್ಯೂಜೆರ್ಸಿಯ ವೈದ್ಯರಿಗೆ ಕಳಿಸಿ. ಔಷಧ ತಡೆಹಿಡಿಯಬೇಕೇ ಎಂಬುದನ್ನು ಅವರು ಹೇಳಲಿ. ಹೊರಡುವ ಮುನ್ನ ಎಕೋ ಮುಗಿಸಿ, ಎರಡು ತಿಂಗಳಿಗೆ ಸಾಲುವಷ್ಟು ಕ್ಯಾಪ್ಸೂಲ್ ಸಿಗುವುದೇ ಎಂದು ಔಷಧಾಲಯದಲ್ಲಿ ಮೊದಲೇ ವಿಚಾರಿಸಿ. ಇಲ್ಲಿ ಎಕೋ ಮಾಡಿಸುವುದಾದರೆ ಇಎಫ್ ಜೊತೆಗೆ, ಉಸಿರು ಬಿಗಿಹಿಡಿದು ತಿಣುಕುವಾಗಿನ ಅಡ್ಡಿಯ ಒತ್ತಡವನ್ನೂ ಅಳೆದು ಬರೆಯುವಂತೆ ಚೀಟಿಯಲ್ಲೇ ಬರೆಸಿಕೊಳ್ಳಿ; ವಾಡಿಕೆಯ ಎಕೋದಲ್ಲಿ ಅದನ್ನು ಬಿಟ್ಟುಬಿಡುವುದುಂಟು.