ಇಪ್ಪತ್ತು ರೂಪಾಯಿಗೆ ಸಿಕ್ಕ ಸಲಿಗೆ

(ಗದಗ ಜಿಲ್ಲೆಯ ಪತ್ತಿನ ಸಹಕಾರಿ ಸಂಘವೊಂದರ ಕಾರ್ಯದರ್ಶಿಗಳ ಪತ್ರದ ಸಾರ: ‘ಕಂಪ್ಯೂಟರ್ ಬಂದು ಎಂಟು ತಿಂಗಳಾದರೂ ನಮ್ಮ ಗುಮಾಸ್ತರು ಕೈಯಲ್ಲಿ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬರೆಯುವುದು ಬಿಟ್ಟಿಲ್ಲ. ಮೂರು ಸಲ ತರಬೇತಿ ಕೊಡಿಸಿದೆ. ತಡವಾಗಿ ಬಂದವರಿಗೆ 20 ರೂಪಾಯಿ ದಂಡ ಹಾಕಿದೆ, ತಡ ಮಾಡುವವರು ಹೆಚ್ಚಾದರು. ಇವರಿಗೆ ಬದಲಾವಣೆಯೇ ಬೇಡ.’)

ಕಾರ್ಯದರ್ಶಿಗಳೇ,

ದಂಡದ ಮಾತು ಮೊದಲು ಮುಗಿಸಿಬಿಡೋಣ. ಇಸ್ರೇಲಿನ ಹೈಫಾದ ಹತ್ತು ಶಿಶುವಿಹಾರಗಳಲ್ಲಿ ನಡೆದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡ ಮಾಡುವ ತಂದೆತಾಯಿಗೆ ಆರು ಕಡೆ ದಂಡ ಹಾಕಿದರು. ತಡ ಸುಮಾರು ದುಪ್ಪಟ್ಟಾಯಿತು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ‘ಟೀಚರ್ ಪಾಪ ಕಾಯ್ತಾರೆ’ ಎಂಬ ಸಂಕೋಚದ ಜಾಗಕ್ಕೆ ‘ರೊಕ್ಕ ಕೊಟ್ಟೇವಲ್ಲ’ ಎಂಬುದು ಬಂದು ಕೂತಿತ್ತು. ನಿಮ್ಮಲ್ಲೂ ಆಗಿರುವುದು ಇಷ್ಟೇ.

ಕಿರ್ದಿಯದು ಬೇರೆ ಕಥೆ. ಈಚೆಗೆ ಹಾವೇರಿ ಕಡೆಯ ಇಂಥದೇ ಸಂಘದಲ್ಲಿ ಅರ್ಧ ದಿನ ಕೂತಿದ್ದೆ. ಗುಮಾಸ್ತರು ಕಂಪ್ಯೂಟರಿನಲ್ಲಿ ಬಡಿದು, ಮತ್ತೆ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಎಳೆದುಕೊಂಡು ಅದನ್ನೇ ಬರೆಯುತ್ತಿದ್ದರು. ಯಾಕೆಂದು ಕೇಳಿದೆ. “ಕರೆಂಟ್ ಹೋತಂದ್ರ ಬೈಸ್ಕೊಳ್ಳಾಂವ ನಾನರೀ. ಮತ್ತ ಆ ಅಜ್ಜ ನೋಡ್ರಿ, ಪೆನ್ನಿಲೆ ಬರದದ್ದು ಕಣ್ಣಿಲೆ ನೋಡೂತನಕ ಕೌಂಟರ್ ಬಿಟ್ಟು ಸರಿಯೂದಿಲ್ಲ” ಅಂದರು. ಪಾಸ್‌ಬುಕ್ ಪ್ರಿಂಟರ್ ಇದ್ದದ್ದು ಒಳಗೆ, ಮ್ಯಾನೇಜರ ಕೋಣೆಯಲ್ಲಿ! ಇದಕ್ಕೆ ನಾಲ್ಕನೆಯ ತರಬೇತಿ ಏನು ಮಾಡೀತು?

ಅಮೆರಿಕದ ವರ್ಜೀನಿಯಾದಲ್ಲಿ ಹಾರ್‌ವುಡ್ ಎಂಬ ಪೈಜಾಮ ಕಾರ್ಖಾನೆಯಿತ್ತು. ಕೆಲಸದ ಕ್ರಮ ಬದಲಾದಾಗಲೆಲ್ಲ ಹೊಲಿಯುವವರ ಕೈ ನಿಧಾನವಾಗುತ್ತಿತ್ತು. ಕೋಚ್ ಮತ್ತು ಫ್ರೆಂಚ್ ಎಂಬಿಬ್ಬರು ಅಲ್ಲಿ ಮಾಡಿದ ಪ್ರಯೋಗವನ್ನು 1948ರಲ್ಲಿ ಬರೆದರು. ಒಂದು ಗುಂಪಿಗೆ ‘ಇನ್ನು ಮೇಲೆ ಹೀಗೆ’ ಎಂದು ಹೇಳಿದರು, ಅಷ್ಟೆ. ನಲವತ್ತು ದಿನದೊಳಗೆ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು, ಉಳಿದವರು ಚೇತರಿಸಿಕೊಳ್ಳಲಿಲ್ಲ. ಹೊಸ ಕ್ರಮವನ್ನು ಕೂತು ತಾವೇ ರೂಪಿಸಿದ ಗುಂಪುಗಳು ಬೇಗ ಹಳೆಯ ವೇಗಕ್ಕೆ ಬಂದು, ಅದನ್ನೂ ದಾಟಿದವು. ನನಗೆ ಮುಖ್ಯವೆನಿಸುವುದು ಮುಂದಿನದು: ಮೊದಲ ಗುಂಪಿನಲ್ಲಿ ಉಳಿದವರನ್ನೇ ಕೆಲವು ತಿಂಗಳ ನಂತರ ಕೂರಿಸಿಕೊಂಡು ಕೇಳಿ ಬದಲಾಯಿಸಿದಾಗ, ಅವರೂ ಸಲೀಸಾಗಿ ಹೊಂದಿಕೊಂಡರು. ಮಂದಿ ಅವರೇ, ಕೇಳಿದ ರೀತಿ ಬೇರೆ.

1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಿಮ್ಮದು. ಅಲ್ಲಿ ಗುಮಾಸ್ತರನ್ನು ಒಂದು ಮಾತು ಕೇಳಿ ಎಂದು ಹೇಳಲು ನನಗೇ ಮುಜುಗರ. ಆದರೂ ಒಂದು ಸಂಜೆ ಕೌಂಟರ್ ಮುಚ್ಚಿದ ಮೇಲೆ ಕಿರ್ದಿ ನಡುವೆ ಇಟ್ಟುಕೊಂಡು ಅವರೊಡನೆ ಕೂರಿ. ಅದರ ಯಾವ ಕಲಮು ಕಂಪ್ಯೂಟರಿನಲ್ಲಿ ಸಿಗುತ್ತಿಲ್ಲ, ಯಾವ ತಾರೀಖಿನಿಂದ ಕಿರ್ದಿ ನಿಲ್ಲಿಸಬಹುದು ಎಂಬುದನ್ನು ಅವರೇ ಹೇಳಲಿ. ದಂಡದ ಚೀಟಿ ಅಂದೇ ಹರಿದುಹಾಕಿ. ಹಾಗೇ, ಅವರ ಊರಿನಿಂದ ಮುಂಜಾನೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದೂ ಕೇಳಿ. ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಅದೊಂದಿಲ್ಲ.

— ಸಂ.