ಸ್ಕ್ಯಾನ್‌ನಲ್ಲಿ ಕಾಣದ ನೋವಿಗೆ ಜೀನ್ ಪರೀಕ್ಷೆ ಬೇಕಾ?

ಪ್ರಶ್ನೆ: ನನಗೆ 49 ವರ್ಷ. ಮನೆ ಕಾಪು ಹತ್ತಿರ. 25 ವರ್ಷದಿಂದ ಬೀಡಿ ಕಟ್ಟುತ್ತಿದ್ದೇನೆ. ಮೂರು ವರ್ಷದಿಂದ ಸೊಂಟದಿಂದ ಎಡಪಾದದ ತನಕ ಉರಿ, ಸೆಳೆತ. ರಾತ್ರಿ ಜಾಸ್ತಿ. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದೆವು. "ಅಂಥದ್ದೇನೂ ಇಲ್ಲ" ಅಂದರು. ಈಗ ಮನೆಯಲ್ಲಿ ಯಾರೂ ನನ್ನ ಮಾತು ನಂಬುವುದಿಲ್ಲ. ನನ್ನ ಅಮ್ಮನಿಗೂ ಹೀಗೇ ಇತ್ತು. ಎಂಜಲು ಕಳಿಸಿದರೆ ನೋವಿನ ಜೀನ್ ಹುಡುಕಿ ಹೇಳುತ್ತಾರೆ ಎಂದು ತಮ್ಮನ ಮಗ ಹೇಳುತ್ತಾನೆ. ಹದಿನೈದು ಸಾವಿರವಂತೆ. ಮಾಡಿಸಲಾ?

ಉತ್ತರ: ಬೇಡ ಅಕ್ಕಾ. ಆ ದುಡ್ಡು ಕೈಯಲ್ಲೇ ಇರಲಿ.

ಮೊದಲು ಮನೆಯವರಿಗೆ ಒಂದು ಮಾತು. ಎಂಆರ್‌ಐ ಎಲುಬು ತೋರಿಸುತ್ತದೆ, ಡಿಸ್ಕ್ ತೋರಿಸುತ್ತದೆ. ನೋವನ್ನು ತೋರಿಸುವ ಯಂತ್ರ ಇನ್ನೂ ಬಂದಿಲ್ಲ. ಸ್ಕ್ಯಾನ್ ಸರಿ ಇದ್ದರೂ ನರ ಸುಮ್ನೆ ಕೂರದೆ ಉರಿ ಕಳಿಸುತ್ತಾ ಇರಬಹುದು. ಈ ಅಕ್ಕ ಹೇಳುತ್ತಿರುವುದು ನಿಜ. ದಯವಿಟ್ಟು ನಂಬಿ.

ಇನ್ನು ಜೀನ್ ವಿಷಯ. ಗಾಂಧಾರಿ ಮೆಣಸು ಅರೆದ ಮೇಲೆ ಕೈ ಉರಿಯುತ್ತದೆ ಅಲ್ವಾ? ಅಲ್ಲಿ ಬೆಂಕಿ ಇಲ್ಲ. ನರದ ತುದಿಯಲ್ಲಿ ಬಿಸಿ ಗುರುತಿಸುವ ಒಂದು ಬಾಗಿಲಿದೆ. ಮೆಣಸಿನ ಖಾರ ಅದೇ ಬಾಗಿಲನ್ನು ತೆರೆಯುತ್ತದೆ. ಆ ಬಾಗಿಲನ್ನು ಮಾಡುವ ಜೀನ್ ಅನ್ನು 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಪತ್ತೆ ಮಾಡಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. (ಖಾರದ ಅಂಶವಿರುವ ಪಟ್ಟಿಯನ್ನು ನರದ ನೋವಿಗೆ ಆಸ್ಪತ್ರೆಯಲ್ಲಿ ಹಚ್ಚುವುದುಂಟು. ಹಾಗಂತ ಮನೆಯಲ್ಲಿ ಮೆಣಸು ಅರೆದು ಕಾಲಿಗೆ ಹಚ್ಚಬೇಡಿ.)

ನರದಲ್ಲಿ ಇಂಥ ಬಾಗಿಲುಗಳು ಹಲವು. ಎಸ್‌ಸಿಎನ್9ಎ ಎಂಬ ಜೀನ್ ಮಾಡುವ ಬಾಗಿಲು ಅದರಲ್ಲಿ ಬಹಳ ಮುಖ್ಯ. 2006ರಲ್ಲಿ ಪಾಕಿಸ್ತಾನದ ಕೆಲವು ಕುಟುಂಬಗಳ ಬಗ್ಗೆ ಒಂದು ವರದಿ ಬಂತು. ಅಲ್ಲೊಬ್ಬ ಹುಡುಗ ಬೀದಿಯಲ್ಲಿ ಕೆಂಡ ತುಳಿದು, ತೋಳಿಗೆ ಚೂರಿ ಚುಚ್ಚಿಕೊಂಡು ದುಡ್ಡು ಸಂಪಾದಿಸುತ್ತಿದ್ದ. ಅವನಿಗೆ ನೋವೇ ಆಗುತ್ತಿರಲಿಲ್ಲ. ಹದಿನಾಲ್ಕು ತುಂಬುವ ಮೊದಲೇ ಮನೆಯ ಮಾಡಿನಿಂದ ಹಾರಿ ತೀರಿಕೊಂಡ. ಆ ಕುಟುಂಬಗಳ ನೋವರಿಯದ ಮಕ್ಕಳಲ್ಲಿ ಈ ಜೀನ್ ಕೆಟ್ಟಿತ್ತು, ಬಾಗಿಲು ಕೆಲಸವನ್ನೇ ಮಾಡುತ್ತಿರಲಿಲ್ಲ. ಅದೇ ಜೀನ್ ಬೇರೆ ರೀತಿ ಬದಲಾದರೆ ಬಾಗಿಲು ಸುಲಭವಾಗಿ ತೆರೆಯುತ್ತದೆ, ಬೇಗ ಮುಚ್ಚುವುದಿಲ್ಲ. ಅಂಥವರಿಗೆ ಕೈಕಾಲು ಕೆಂಪಾಗಿ ವಿಪರೀತ ಉರಿ.

ಹಾಗಾದರೆ ಬಾಗಿಲು ಮುಚ್ಚುವ ಮದ್ದು ಮಾಡಿದರಾಯಿತಲ್ಲ? ಎಲ್ಲರೂ ಹಾಗೇ ಅಂದುಕೊಂಡರು. ಎಷ್ಟೋ ಕಂಪನಿಗಳು ಪ್ರಯತ್ನಪಟ್ಟರೂ ಕೈಗೂಡಲಿಲ್ಲ. ಅದರ ಪಕ್ಕದ ಬಾಗಿಲನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆಪರೇಷನ್ ನಂತರದಂಥ, ಸ್ವಲ್ಪ ದಿನದ ನೋವಿಗೆ. ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಪರೀಕ್ಷಿಸಿದಾಗ, ಮದ್ದಿಲ್ಲದ ಮಾತ್ರೆ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ನೋವು ಇಳಿದಿತ್ತು. ನಿಮ್ಮ ನೋವೂ ಇದೇ ಜಾತಿಯದು. ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಅಮ್ಮನಿಗೂ ಹೀಗೇ ಇತ್ತು ಎಂದಿದ್ದೀರಿ. ಅವರಿಂದ ಬಂದಿರಬಹುದಾ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಸಾಮಾನ್ಯ ದೀರ್ಘಕಾಲದ ನೋವಿನಲ್ಲಿ ಹತ್ತಾರು ಜೀನ್‌ಗಳದು ಚೂರುಚೂರು ಪಾಲು. ಅಮ್ಮನೂ ನಿಮ್ಮ ಹಾಗೆ ದಿನವಿಡೀ ತಡ್ಪೆ (ಮೊರ) ಇಟ್ಟುಕೊಂಡು ಬಗ್ಗಿ ಕೂತವರೇ ಆಗಿದ್ದರೆ ಅದರ ಪಾಲೂ ಇದೆ. ಶುಗರ್‌ಗೆ ಮೂರು ತಿಂಗಳ ಸರಾಸರಿ ಹೇಳುವ ರಕ್ತ ಪರೀಕ್ಷೆ ಇದೆಯಲ್ಲ, ನೋವಿಗೆ ಅಂಥದ್ದು ಇಲ್ಲ. ಎಂಜಲಿನ ವರದಿ ಬಂದರೂ ನಿಮ್ಮ ಔಷಧಿ ಬದಲಾಗುವುದಿಲ್ಲ. ಔಷಧಿ ಬದಲಿಸದ ಪರೀಕ್ಷೆಗೆ ಬೀಡಿ ಕಟ್ಟಿದ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಅದರ ಬದಲು ಶುಗರ್, ಬಿ12, ಥೈರಾಯ್ಡ್ ನೋಡಿಸಿ. ನರದ ಡಾಕ್ಟರನ್ನು ಅಥವಾ ನೋವಿನ ಕ್ಲಿನಿಕ್ಕನ್ನು ಕಾಣಿ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗಾಬಲಿನ್‌ನಂಥ ಮಾತ್ರೆ ಕೊಟ್ಟಾರು. ಇವುಗಳಲ್ಲಿ ಕೆಲವನ್ನು ಮನಸ್ಸಿನ ಕಾಯಿಲೆಗೂ ಕೊಡುತ್ತಾರೆ. ಅದನ್ನು ನೋಡಿ "ನನಗೆ ಹುಚ್ಚು ಅಂದುಕೊಂಡರಾ" ಎಂದು ಮಾತ್ರೆ ಬಿಟ್ಟವರನ್ನು ತುಂಬಾ ಕಂಡಿದ್ದೇನೆ. ನೀವು ಬಿಡಬೇಡಿ. ನರ ತಣಿಯಲಿಕ್ಕೆ ಕೆಲವು ವಾರ ಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ. ಕಾಲಿನ ಬಲ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತಂದೆಗೆ ಕೆನ್ನೆಯ ಒಂದೇ ಬದಿಗೆ ಶಾಕ್ ಹೊಡೆದ ಹಾಗೆ ನೋವು. ಕಾರ್ಬಮಜೆಪಿನ್ ಶುರು ಮಾಡುವ ಮೊದಲು ಜೀನ್ ಪರೀಕ್ಷೆಗೆ ರಕ್ತ ಕೊಡಿ ಎಂದಿದ್ದಾರೆ. ಇದೂ ಸುಮ್ನೆ ಖರ್ಚಾ? (ಮಣಿಪಾಲದಿಂದ)

ಉತ್ತರ: ಅಲ್ಲ, ಇದನ್ನು ಮಾಡಿಸಿ. ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಬಗೆ ಇರುವವರಿಗೆ ಈ ಮಾತ್ರೆಯಿಂದ ಚರ್ಮ, ಬಾಯಿ, ಕಣ್ಣಿನಲ್ಲಿ ಬೊಬ್ಬೆ ಎದ್ದು ಸಿಪ್ಪೆ ಸುಲಿಯುವ ಅಪಾಯ ಜಾಸ್ತಿ. ಜೀವಕ್ಕೇ ತೊಂದರೆಯಾಗಬಹುದು. ಏಷ್ಯಾ ಮೂಲದವರಿಗೆ ಮೊದಲು ಪರೀಕ್ಷಿಸಿ ಎಂದು ಅಮೆರಿಕದ ಔಷಧ ಇಲಾಖೆ 2007ರಲ್ಲೇ ಹೇಳಿದೆ. ಆ ಬಗೆ ಇದ್ದರೆ ಡಾಕ್ಟರು ಬೇರೆ ಔಷಧಿ ನೋಡುತ್ತಾರೆ. ಇಲ್ಲ ಎಂದು ಬಂದರೂ ಮೊದಲ ಎರಡು ಮೂರು ತಿಂಗಳು ಕಣ್ಣಿಟ್ಟಿರಿ. ಜ್ವರದ ಜೊತೆ ಮೈಮೇಲೆ ಕೆಂಪು ಗುಳ್ಳೆ, ಬಾಯಲ್ಲಿ ಹುಣ್ಣು ಕಂಡರೆ ಮುಂದಿನ ಮಾತ್ರೆ ಕೊಡಬೇಡಿ. ತಕ್ಷಣ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ.