ಮಣಿ ಬೂದಿಬಣ್ಣಕ್ಕೆ ತಿರುಗಿದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಳ್ಳಿಯಂಶವಿರುವ ರಿಡಕ್ಷನ್ ಗಾಜಿನ ಕಡ್ಡಿ ತರಿಸಿ ಎಲ್‌ಪಿಜಿ–ಆಕ್ಸಿಜನ್ ಟಾರ್ಚಿನಲ್ಲಿ ಮಣಿ ಮಾಡಿದೆ. ಲೋಹದ ಹೊಳಪಿನ ಬದಲು ಬೂದಿ ಬಳಿದಂತೆ ಮಂಕಾಗಿದೆ. ಗಾಜೇ ಸರಿಯಿಲ್ಲವೇ?

ಉತ್ತರ: ಗಾಜನ್ನು ದೂರಬೇಡಿ. ರಿಡಕ್ಷನ್ ಜ್ವಾಲೆಯಲ್ಲಿ, ಅಂದರೆ ಆಕ್ಸಿಜನ್ ಸಾಲದ ಜ್ವಾಲೆಯಲ್ಲಿ, ಹೆಚ್ಚು ಹೊತ್ತು ಹಿಡಿದಿದ್ದೀರಿ, ಅದೂ ಬಹುಶಃ ಮಣಿ ಕೆಂಪಗಿರುವಾಗಲೇ. ಆಕ್ಸಿಜನ್ ಸಾಲದ ಜ್ವಾಲೆಯಲ್ಲಿ ಉಳಿಯುವ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಗಾಜಿನ ಮೇಲ್ಮೈಯ ಆಮ್ಲಜನಕವನ್ನು ಕಸಿದುಕೊಳ್ಳುತ್ತವೆ. ಆಗ ಗಾಜಿನಲ್ಲಿದ್ದ ಬೆಳ್ಳಿ ಲೋಹವಾಗಿ ಮೇಲೆ ಪದರ ಕಟ್ಟುತ್ತದೆ. ಪದರ ತೆಳುವಿದ್ದರೆ ಹೊಳಪು, ನೀಲಿ-ನೇರಳೆ ಛಾಯೆ. ಅತಿಯಾದರೆ ನಿಮಗೆ ಸಿಕ್ಕಿದ ಬೂದಿ.

ಆಕಾರ, ಚುಕ್ಕಿ, ಗೆರೆ ಎಲ್ಲ ಮುಗಿಯುವವರೆಗೂ ಆಕ್ಸಿಜನ್ ತುಸು ಹೆಚ್ಚೇ ಇರಲಿ. ಆಮೇಲೆ ಮಣಿಯನ್ನು ಜ್ವಾಲೆಯ ಹೊರಗೆ ತಿರುಗಿಸುತ್ತಾ, ಕೆಂಪು ಆರಿ ಗಾಜು ಬಿಗಿಯುವುದನ್ನು ಕಾಯಿರಿ. ತೀರಾ ತಣಿಸಿದರೆ ಮತ್ತೆ ಶಾಖ ತಾಗಿದಾಗ ಸೀಳೀತು. ಈಗ ಆಕ್ಸಿಜನ್ ವಾಲ್ವನ್ನು ಮೆಲ್ಲಗೆ ಇಳಿಸಿ. ಟಾರ್ಚಿನ ಬಾಯಲ್ಲಿ ಚೂಪಾಗಿದ್ದ ನೀಲಿ ಮೊನೆಗಳು ಉದ್ದವಾಗಿ ಮಸುಕಾಗುತ್ತವೆ, ಜ್ವಾಲೆಯ ತುದಿ ಹಳದಿಯಾಗುತ್ತದೆ. ಮಸಿ ಹಾರತೊಡಗಿದರೆ ಅತಿಯಾಯಿತು. ಗ್ಯಾಸ್ ಏರಿಸಿಯೂ ಇದನ್ನು ಮಾಡುವವರಿದ್ದಾರೆ. ಆದರೆ ಜ್ವಾಲೆ ದೊಡ್ಡದಾಗಿ ಮಣಿ ಮತ್ತೆ ಮೆತ್ತಗಾಗುತ್ತದೆ, ಆಕ್ಸಿಜನ್ ಇಳಿಸುವುದೇ ವಾಸಿ.

ಜ್ವಾಲೆಯ ಹೊರತುದಿಯಲ್ಲಿ 2–3 ಸೆಕೆಂಡು ಮಣಿ ತಿರುಗಿಸಿ, ಹೊರತೆಗೆದು ನೋಡಿ. ಸಾಲದಿದ್ದರೆ ಇನ್ನೊಮ್ಮೆ. ಡಿಡಿಮಿಯಂ ಕನ್ನಡಕ (ಬಿಸಿ ಗಾಜಿನ ಹಳದಿ ಬೆಳಕನ್ನು ತಡೆಯುವ ಕನ್ನಡಕ) ಬಣ್ಣವನ್ನು ಬದಲಿಸಿ ತೋರಿಸುವುದರಿಂದ, ಮಣಿ ಜ್ವಾಲೆಯಿಂದ ದೂರವಿರುವಾಗ ಕನ್ನಡಕದ ಮೇಲಿಂದ ನೋಡಿ. ಹೊಳಪು ಬಂದೊಡನೆ ಕಿಲ್ನ್‌ಗೆ (ಮಣಿಯನ್ನು ನಿಧಾನವಾಗಿ ತಣಿಸುವ ಕುಲುಮೆಗೆ) ಹಾಕಿ. ವಿಸ್ತರಣಾಂಕ (ಶಾಖಕ್ಕೆ ಗಾಜು ಹಿಗ್ಗುವ ಪ್ರಮಾಣ) 104ರ ಮೆತ್ತನೆ ಗಾಜಿಗೆ ಕಿಲ್ನ್ ಶಾಖ ಸುಮಾರು 510 ಡಿಗ್ರಿ ಸೆಲ್ಸಿಯಸ್. ನಡುವೆ ಮಾಮೂಲಿ ಜ್ವಾಲೆ ತೋರಿಸಿದಿರೋ, ಬಂದ ಹೊಳಪು ಸುಟ್ಟುಹೋಗುತ್ತದೆ.

ಬೂದಿಯನ್ನು ತೆಗೆಯುವ ದಾರಿಯೂ ಅದೇ. ಮಣಿ ಇನ್ನೂ ಬಿಸಿಯಾಗಿ ಮ್ಯಾಂಡ್ರೆಲ್ (ಮಣಿ ಸುತ್ತುವ ಲೋಹದ ಕಡ್ಡಿ) ಮೇಲಿದ್ದರೆ, ಆಕ್ಸಿಜನ್ ಹೆಚ್ಚಿರುವ ಜ್ವಾಲೆಯಲ್ಲಿ ಮೇಲ್ಮೈ ಕೆಂಪಾಗುವವರೆಗೆ ಕಾಯಿಸಿ, ಪದರ ಹೋದ ಮೇಲೆ ಮೊದಲಿನಿಂದ ಮಾಡಿ.

ಪ್ರಶ್ನೆ: ರಿಡಕ್ಷನ್ ಮಾಡದಿದ್ದರೂ ಟರ್ಕಾಯ್ಸ್ ಮಣಿಯ ಮೇಲೆ ಇಟ್ಟಿಗೆ ಬಣ್ಣದ ಕಲೆಗಳು ಬರುತ್ತವೆ, ಯಾಕೆ?

ಉತ್ತರ: ಮಾಡಿದ್ದೀರಿ, ಗೊತ್ತಿಲ್ಲದೆ. ಆ ನೀಲಿ ತಾಮ್ರದ್ದು. ಆಮ್ಲಜನಕ ಕಡಿಮೆಯಾದಲ್ಲೆಲ್ಲ ಕೆಂಪಾಗುತ್ತದೆ. ಟಾರ್ಚಿನ ಬಾಯಿಗೆ ತೀರಾ ಹತ್ತಿರ ಹಿಡಿದರೂ ಹೀಗೇ ಆಗುತ್ತದೆ. ಮೊನೆಗಳಿಂದ ಮೂರು-ನಾಲ್ಕು ಬೆರಳು ದೂರ ಕೆಲಸ ಮಾಡಿ. ಆಕ್ಸಿಜನ್ ಸಿಲಿಂಡರ್ ಮುಗಿಯುತ್ತಾ ಬಂದಿದೆಯೇ ಎಂದೂ ನೋಡಿ. ಒತ್ತಡ ಇಳಿದರೆ ಜ್ವಾಲೆ ತಾನಾಗಿಯೇ ಬದಲಾಗುತ್ತದೆ. ದಂತಬಣ್ಣದ ಗಾಜಿನ ಪಕ್ಕ ಟರ್ಕಾಯ್ಸ್ ಇಟ್ಟರೆ ಸೇರುವ ಅಂಚಿನಲ್ಲಿ ಕಪ್ಪು ಗೆರೆ ಮೂಡುವುದು ಬೇರೆ ಸಂಗತಿ. ಅದು ಗಂಧಕ ಮತ್ತು ತಾಮ್ರದ ಕೂಡಿಕೆ, ಜ್ವಾಲೆ ತಿದ್ದಿದರೆ ಹೋಗುವುದಿಲ್ಲ.

ಪ್ರಶ್ನೆ: ಆಕ್ಸಿಜನ್ ಇಲ್ಲದ, ಗಾಳಿಯನ್ನೇ ಎಳೆದುಕೊಳ್ಳುವ ಟಾರ್ಚಿನಲ್ಲಿ ಸಾಧ್ಯವೇ?

ಉತ್ತರ: ಸಾಧ್ಯ. ಹಚ್ಚುವ ಮೊದಲೇ ಗಾಳಿ ರಂಧ್ರಗಳಲ್ಲಿ ಕೆಲವನ್ನು ಮುಚ್ಚಬಲ್ಲ ಅಲ್ಯೂಮಿನಿಯಂ ಹಾಳೆಯ ಪಟ್ಟಿಯೊಂದನ್ನು ಟಾರ್ಚಿಗೆ ಸಡಿಲವಾಗಿ ಸುತ್ತಿಡಿ. ಕೊನೆಯಲ್ಲಿ ಚಿಮುಟದಿಂದ ಸರಿಸಿದರಾಯಿತು. ಬರಿಗೈ ಬೇಡ. ಯಾವ ಟಾರ್ಚೇ ಆಗಲಿ, ರಿಡಕ್ಷನ್ ಜ್ವಾಲೆಯಿಂದ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬರುತ್ತದೆ, ಅದಕ್ಕೆ ವಾಸನೆಯಿಲ್ಲ. ಟಾರ್ಚಿನ ಮುಂದೆ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಹೊಸ ಗಾಳಿ ಬರಲು ಬೆನ್ನ ಹಿಂದಿನ ಕಿಟಕಿ ತೆರೆದಿರಲಿ.